ಅಪ್ಪನಿಗೆ ವಿಪಲ್ ಆಪರೇಷನ್: ಆಮೇಲೆ ತೊಂದರೆ ಆಗದ ಹಾಗೆ ಮನೆಯವರು ಎಂತ ಮಾಡಬಹುದು?

ಮಲ್ಪೆಯ ಮಗಳು

ಎಲ್ಲರಿಗೂ ನಮಸ್ಕಾರ. ನನ್ನ ಅಪ್ಪನಿಗೆ 63 ವರ್ಷ. ಮಲ್ಪೆಯಲ್ಲಿ ಮೂವತ್ತು ವರ್ಷ ಬೋಟಿನ ತಾಂಡೇಲ (ಬೋಟು ನಡೆಸುವವರು) ಆಗಿದ್ದವರು. ಎರಡು ತಿಂಗಳ ಹಿಂದೆ ಕಣ್ಣು ಹಳದಿಯಾಯಿತು. ನೋವಿಲ್ಲ, ಜ್ವರ ಇಲ್ಲ. ಮೈ ತುರಿಕೆ ಮಾತ್ರ ವಿಪರೀತ. ರಾತ್ರಿ ಎದ್ದು ಬಾಗಿಲಿನ ದಾರಂದಕ್ಕೆ ಬೆನ್ನು ತಿಕ್ಕಿಕೊಳ್ಳುತ್ತಿದ್ದರು. ಕಾಮಾಲೆ ಅಂತ ನಾವು ಹದಿನೈದು ದಿನ ಊರಿನ ಬೇರಿನ ಮದ್ದು ಕೊಡಿಸಿದೆವು. ಉಪ್ಪಿಲ್ಲ, ಎಣ್ಣೆ ಇಲ್ಲ, ಮೀನಂತೂ ಇಲ್ಲವೇ ಇಲ್ಲ. ಏಳು ಕಿಲೋ ಇಳಿದರು. ಕೊನೆಗೆ ಸ್ಕ್ಯಾನ್ ಮಾಡಿಸಿದಾಗ ಪಿತ್ತನಾಳ ಬಂದು ಕರುಳಿಗೆ ಸೇರುವ ಬಾಯಲ್ಲಿ, ಪ್ಯಾಂಕ್ರಿಯಾಸ್‌ನ (ಮೇದೋಜೀರಕ ಗ್ರಂಥಿಯ) ತಲೆಗೆ ಅಂಟಿಕೊಂಡ ಹಾಗೆ, ಗಡ್ಡೆ ಉಂಟು ಅಂತ ಗೊತ್ತಾಯಿತು.

ಈಗ ಮಂಗಳೂರಿನಲ್ಲಿ ತೋರಿಸುತ್ತಿದ್ದೇವೆ. ಬೇರೆ ಕಡೆ ಹರಡಿಲ್ಲ, ಗಡ್ಡೆಯನ್ನು ಪ್ಯಾಂಕ್ರಿಯಾಸ್‌ನ ತಲೆ ಸಮೇತ ತೆಗೆಯುವ ವಿಪಲ್ ಆಪರೇಷನ್ ಮಾಡಬಹುದು ಅಂದರು. ಇನ್ನು ಹನ್ನೆರಡು ದಿನಕ್ಕೆ ಡೇಟ್. ಡಾಕ್ಟರು ಸಮಾಧಾನದಲ್ಲೇ ಹೇಳಿದರು, "ಆಪರೇಷನ್ ಒಂದು ದಿನದ ಕೆಲಸ, ಕಷ್ಟ ಇರೋದು ಆಮೇಲಿನ ಎರಡು ವಾರ. ಇವರ ಪ್ಯಾಂಕ್ರಿಯಾಸ್ ಮೆತ್ತಗೆ ಕಾಣ್ತದೆ, ನಾಳವೂ ಸಪೂರ. ಲೀಕ್ ಆಗುವ ಸಾಧ್ಯತೆ ಸ್ವಲ್ಪ ಜಾಸ್ತಿ." ಅಲ್ಲಿಗೆ ನನ್ನ ತಲೆ ನಿಂತುಹೋಯಿತು. ಕೇಳಬೇಕಾದ್ದನ್ನು ಒಂದೂ ಕೇಳದೆ ಬಸ್ ಹತ್ತಿದೆ.

ಬಿಲಿರುಬಿನ್ (ರಕ್ತದಲ್ಲಿ ಕಾಮಾಲೆಯ ಅಳತೆ) 11 ಉಂಟು. ಮೊದಲು ಪಿತ್ತನಾಳಕ್ಕೆ ಸ್ಟೆಂಟ್, ಅಂದರೆ ಸಣ್ಣ ಕೊಳವೆ ಹಾಕಿಸಿ, ಕಾಮಾಲೆ ಇಳಿದ ಮೇಲೆ ಆಪರೇಷನ್ ಮಾಡಿಸಿ ಅಂತ ದೊಡ್ಡಪ್ಪ ಹೇಳುತ್ತಾರೆ. ಡಾಕ್ಟರು ಅದು ಬೇಡ ಅಂದರು. ಯಾವುದು ಸರಿ? ಅಪ್ಪ ದಿನಕ್ಕೆ ಒಂದು ಕಟ್ಟು ಬೀಡಿ ಸೇದುತ್ತಾರೆ. ಹನ್ನೆರಡು ದಿನಕ್ಕೋಸ್ಕರ ಬಿಟ್ಟು ಎಂತ ಪ್ರಯೋಜನ ಅಂತ ಅವರ ವಾದ. ಅಮ್ಮನ ಪ್ರಶ್ನೆ ಒಂದೇ, ಗಂಜಿ ಯಾವಾಗ ಕೊಡಬಹುದು. ಆಸ್ಪತ್ರೆಯಲ್ಲಿ ನಿಲ್ಲುವವಳು ನಾನೊಬ್ಬಳೇ. ನಾನು ಎಂತ ನೋಡಿಕೊಳ್ಳಬೇಕು? ಅನುಭವ ಇದ್ದವರು ಹೇಳಿ. "ದೇವರಿದ್ದಾನೆ" ಅಂತ ಮಾತ್ರ ಬರೆಯಬೇಡಿ, ಅದನ್ನು ಅಮ್ಮ ಗಂಟೆಗೊಮ್ಮೆ ಹೇಳುತ್ತಿದ್ದಾರೆ.

ಕಿನ್ನಿಗೋಳಿ ಮಾಸ್ಟ್ರು

ಮಗಳೇ, ನಾನೇ ಆ ಆಪರೇಷನ್ ಆದವನು. 2021ರ ಆಟಿ ತಿಂಗಳು, ಹೊರಗೆ ಧೋ ಅಂತ ಮಳೆ, ಮೇಲಿಂದ ಕೊರೊನಾ. ರೋಗಿಯ ಜೊತೆ ಒಬ್ಬರೇ ಇರಬೇಕು. ನನ್ನ ಜೊತೆ ಇದ್ದದ್ದು ಹೆಂಡತಿ. ಅವಳು ಮೊದಲ ದಿನದಿಂದ ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಎಲ್ಲ ಬರೆದಿಟ್ಟಳು. ಈಗ ಅದನ್ನೇ ಎದುರಿಗೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವನು, ಉತ್ತರ ಉದ್ದ ಆದರೆ ಬೈಯಬೇಡಿ.

ಮೊದಲು ಒಳಗೆ ಎಂತ ಮಾಡುತ್ತಾರೆ ಅಂತ ತಿಳಿದುಕೊಳ್ಳಿ. ಪ್ಯಾಂಕ್ರಿಯಾಸ್‌ನ ತಲೆ, ಅದನ್ನು ಸುತ್ತಿಕೊಂಡ ಸಣ್ಣ ಕರುಳಿನ ಮೊದಲ ಭಾಗ, ಪಿತ್ತಕೋಶ, ಪಿತ್ತನಾಳದ ಕೆಳಗಿನ ತುಂಡು, ಕೆಲವರಿಗೆ ಜಠರದ ತುದಿಯೂ, ಎಲ್ಲ ಒಟ್ಟಿಗೆ ತೆಗೆಯುತ್ತಾರೆ. ಆಮೇಲೆ ಕೆಳಗಿನ ಕರುಳನ್ನು ಮೇಲೆ ತಂದು ಅದಕ್ಕೆ ಮೂರು ಜೋಡಣೆ: ಉಳಿದ ಪ್ಯಾಂಕ್ರಿಯಾಸ್ ಒಂದು, ಪಿತ್ತನಾಳ ಒಂದು, ಜಠರ ಒಂದು. ನ್ಯೂಯಾರ್ಕಿನ ಅಲೆನ್ ವಿಪಲ್ 1935ರಲ್ಲಿ ಇದನ್ನು ಬರೆದಾಗ ಎರಡು ಸಲ ಹೊಟ್ಟೆ ತೆರೆದು ಎರಡು ಕಂತಿನಲ್ಲಿ ಮಾಡುತ್ತಿದ್ದರು. ಈಗ ಒಂದೇ ಸಲಕ್ಕೆ ಮುಗಿಯುತ್ತದೆ. ನನಗೆ ಏಳು ಗಂಟೆ ಹಿಡಿಯಿತು.

ಮೂರರಲ್ಲಿ ತರಲೆ ಮಾಡೋದು ಪ್ಯಾಂಕ್ರಿಯಾಸ್‌ನ ಜೋಡಣೆ. ಅದರ ರಸದ ಕೆಲಸವೇ ಮಾಂಸ, ಕೊಬ್ಬು ಕರಗಿಸೋದು. ಹೊಲಿಗೆಯ ಸಂದಿನಿಂದ ಸೋರಿದರೆ ನಮ್ಮದೇ ಮಾಂಸವನ್ನು ಬಿಡುತ್ತದಾ? ತಮಾಷೆ ಎಂತ ಗೊತ್ತುಂಟಾ, ವರ್ಷಗಟ್ಟಲೆ ಕಾಯಿಲೆ ಬಿದ್ದು ಗಟ್ಟಿಯಾದ ಪ್ಯಾಂಕ್ರಿಯಾಸ್‌ನಲ್ಲಿ ಹೊಲಿಗೆ ಚೆನ್ನಾಗಿ ನಿಲ್ಲುತ್ತದೆ. ಆರೋಗ್ಯವಾಗಿ ಮೆತ್ತಗೆ ಇದ್ದದ್ದೇ ಸೋರುವುದು ಜಾಸ್ತಿ. ನಾಳ 3 ಮಿಲಿಮೀಟರಿಗಿಂತ ಸಪೂರ ಇದ್ದರೆ ಇನ್ನೂ ಕಷ್ಟ. ನನ್ನದು 2. "ಬೆಣ್ಣೆಗೆ ಹೊಲಿಗೆ ಹಾಕಿದ ಹಾಗಾಯ್ತು ಮಾಸ್ಟ್ರೇ" ಅಂತ ನನ್ನ ಡಾಕ್ಟರು ಆಮೇಲೆ ಹೇಳಿದ್ದರು. ಆದ್ದರಿಂದ ನಿಮ್ಮ ಡಾಕ್ಟರು ಹೆದರಿಸಿದ್ದಲ್ಲ, ಇದ್ದದ್ದನ್ನು ಹೇಳಿದ್ದಾರೆ. ತುಂಬ ಅನುಭವ ಇರುವ ಕಡೆಯೂ ನೂರರಲ್ಲಿ ಮೂವತ್ತು, ನಲವತ್ತು ಜನಕ್ಕೆ ಏನಾದರೊಂದು ತೊಂದರೆ ಆಗುತ್ತದೆ. ಅಂಥ ಕಡೆ ತೊಂದರೆಯನ್ನು ಬೇಗ ಹಿಡಿಯುತ್ತಾರೆ. ಜೀವ ಉಳಿಯೋದು ಅದರಿಂದ.

ಸ್ಟೆಂಟ್ ವಿಷಯ. ಇದರಲ್ಲಿ ನನಗೆ ಹೊಟ್ಟೆ ಉರಿ ಉಂಟು. ನಾನು ಮೊದಲು ಹೋದ ಕಡೆ, ಹೆಸರು ಬೇಡ, ಬಿಲಿರುಬಿನ್ 9 ಇದ್ದಾಗಲೇ "ಮೊದಲು ಇದೊಂದು ಆಗಲಿ" ಅಂತ ಸ್ಟೆಂಟ್ ಹಾಕಿದರು. ಐದನೇ ದಿನ ನಡುಕದ ಜ್ವರ. ಪಿತ್ತನಾಳಕ್ಕೆ ಸೋಂಕು. ಅದು ಇಳಿದು ಆಪರೇಷನ್ ಆಗಲು ಮತ್ತೂ ಮೂರು ವಾರ ಹೋಯಿತು. ಆಮೇಲೆ ಓದಿದಾಗ ಗೊತ್ತಾಯಿತು. ನೆದರ್ಲೆಂಡ್ಸ್‌ನವರು 2010ರಲ್ಲೇ ಈ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದ್ದಾರೆ. ಬಿಲಿರುಬಿನ್ ಸುಮಾರು 14.6ರ ಒಳಗೆ ಇದ್ದವರನ್ನು ಎರಡು ಗುಂಪು ಮಾಡಿದರು. ಮೊದಲು ಸ್ಟೆಂಟ್ ಹಾಕಿಸಿಕೊಂಡವರಲ್ಲಿ ನೂರಕ್ಕೆ 74 ಜನಕ್ಕೆ ಗಂಭೀರ ತೊಂದರೆ. ನೇರ ಆಪರೇಷನ್‌ಗೆ ಹೋದವರಲ್ಲಿ 39. ಆಗ ಹಾಕಿದ್ದು ಪ್ಲಾಸ್ಟಿಕ್ ಸ್ಟೆಂಟ್, ಈಗ ಲೋಹದ್ದೂ ಬಂದಿದೆ, ಅದು ಬೇರೆ ಮಾತು. ನಡುಕದ ಜ್ವರ ಇದ್ದರೆ, ಬಿಲಿರುಬಿನ್ ತೀರಾ ಮೇಲೆ ಹೋಗಿದ್ದರೆ, ಮೊದಲು ಕೀಮೋ ಕೊಡುವುದಿದ್ದರೆ ಸ್ಟೆಂಟ್ ಬೇಕಾಗುತ್ತದೆ. ನಿಮ್ಮ ಅಪ್ಪನಿಗೆ 11, ಜ್ವರ ಇಲ್ಲ, ಡೇಟ್ ಹತ್ತಿರ ಉಂಟು. ಡಾಕ್ಟರು ಬೇಡ ಅಂದದ್ದರಲ್ಲಿ ಅರ್ಥ ಉಂಟು. ದೊಡ್ಡಪ್ಪನಿಗೆ ನನ್ನ ಕಥೆ ಹೇಳಿ.

ಈಗ ಕೈಯಲ್ಲಿರುವ ಹನ್ನೆರಡು ದಿನ. ಪಥ್ಯ ಇವತ್ತೇ ನಿಲ್ಲಿಸಿ. ಏಳು ಕಿಲೋ ಇಳಿದ ಮೈಗೆ ಗಾಯ ಒಣಗಿಸುವ ಶಕ್ತಿ ಎಲ್ಲಿಂದ ಬರಬೇಕು? ಮೊಟ್ಟೆ, ಹೆಸರುಕಾಳು, ಮೀನು ಕೊಡಿ. ಈಗ ಪಿತ್ತ ಕರುಳಿಗೆ ಇಳಿಯುವುದಿಲ್ಲ, ಹಾಗಾಗಿ ಬಂಗುಡೆ, ಬೂತಾಯಿಯಂಥ ಜಿಡ್ಡಿನ ಮೀನು ಕೆಲವರಿಗೆ ಕೂಡಿಬರುವುದಿಲ್ಲ. ಕಾಣೆ ಮೀನಿನ ತೆಳು ಸಾರು ಆಗುತ್ತದೆ. ಪ್ರೋಟೀನ್ ಪುಡಿ ಬರೆದುಕೊಟ್ಟರೆ ಅದೂ ಕೊಡಿ. ಪಿತ್ತ ಕಟ್ಟಿದವರಿಗೆ ವಿಟಮಿನ್ ಕೆ ಮೈಗೆ ಹತ್ತದೆ ರಕ್ತ ಹೆಪ್ಪುಗಟ್ಟುವುದು ನಿಧಾನ ಆಗುತ್ತದೆ. ಅದಕ್ಕೆ ಇಂಜೆಕ್ಷನ್ ಕೊಡುತ್ತಾರೆ, ಎಂತಕ್ಕೆ ಅಂತ ಗಾಬರಿ ಬೇಡ.

ಬೀಡಿ. ನಾಲ್ಕು ವಾರ ಮೊದಲೇ ಬಿಟ್ಟಿದ್ದರೆ ಚೆಂದ ಇತ್ತು. ಹನ್ನೆರಡು ದಿನವಾದರೂ ಲಾಭವೇ. ತಾಂಡೇಲರಿಗೆ ಹೀಗೆ ಹೇಳಿ: ಆಪರೇಷನ್ ಆದ ಮರುದಿನ ಹೊಟ್ಟೆಯ ಉದ್ದಕ್ಕೆ ಹೊಲಿಗೆ ಇರುವಾಗ ಬೀಡಿ ಕೆಮ್ಮು ಬಂದರೆ ಹೇಗಿರುತ್ತದೆ ಅಂತ ಒಮ್ಮೆ ಯೋಚಿಸಿ. ನನ್ನ ಪಕ್ಕದ ಬೆಡ್ಡಿನವರಿಗೆ ಬಂದಿತ್ತು. ಅವರ ಮುಖ ನನಗೆ ಇವತ್ತೂ ನೆನಪುಂಟು.

ಮೆಡಿಕಲ್‌ನಲ್ಲಿ ಮೂರು ಚೆಂಡಿನ ಉಸಿರಾಟದ ಡಬ್ಬಿ ಸಿಗುತ್ತದೆ, ಇವತ್ತೇ ತನ್ನಿ. ಅದನ್ನು ಊದುವುದಲ್ಲ, ಎಳೆಯುವುದು. ನಾನು ವಿಜ್ಞಾನ ಮಾಸ್ಟ್ರು, ಎರಡು ದಿನ ಪೀಪಿಯ ಹಾಗೆ ಊದಿದೆ! ಚೆಂಡು ಅಲ್ಲಾಡದಾಗ ಡಬ್ಬಿ ಹಾಳು ಅಂತ ವಾಪಸ್ ಕೊಡಲು ಹೊರಟಿದ್ದೆ. ಉಸಿರು ಪೂರ್ತಿ ಹೊರಗೆ ಬಿಟ್ಟು, ಬಾಯಿಗೆ ಇಟ್ಟು, ನಿಧಾನ ಒಳಗೆ ಎಳೆದು ಚೆಂಡು ಮೇಲೆ ನಿಲ್ಲಿಸಬೇಕು. ಈಗಲೇ ರೂಢಿ ಆದರೆ ಆಪರೇಷನ್ ಆದ ಮೇಲೆ ಕಫ ಕಟ್ಟದ ಹಾಗೆ ಸಹಾಯ ಆಗುತ್ತದೆ.

ಇನ್ನು ಆಸ್ಪತ್ರೆ. ಮೊದಲ ದಿನವೇ ಕುರ್ಚಿಯಲ್ಲಿ ಕೂರಿಸಿದರು, ಎರಡನೇ ದಿನ ಕಾರಿಡಾರಿನಲ್ಲಿ ನಡೆಸಿದರು. ಒಂದು ಕೈಯಲ್ಲಿ ಡ್ರಿಪ್ಪಿನ ಸ್ಟ್ಯಾಂಡ್, ಸೊಂಟದಲ್ಲಿ ಎರಡು ಡ್ರೈನ್ ಚೀಲ, ಮೂಗಿನಿಂದ ಜಠರದ ತನಕ ಹೋಗುವ ರೈಲ್ಸ್ ಟ್ಯೂಬ್. ಯಕ್ಷಗಾನದ ವೇಷದ ಹಾಗೆ ಹೊರಟೆ. ನಡೆದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಕಡಿಮೆ, ಕರುಳು ಬೇಗ ಎಚ್ಚರಾಗುತ್ತದೆ. ಅಪ್ಪ ಬೇಡ ಅಂದರೂ ಎಬ್ಬಿಸಿ.

ಡ್ರೈನ್ ಚೀಲವೇ ನಿಮ್ಮ ಮುಖ್ಯ ಕೆಲಸ. ಆಪರೇಷನ್ ಜಾಗದ ನೀರನ್ನು ಹೊರಗೆ ತರುವ ಕೊಳವೆ ಅದು. ಮೂರನೇ ದಿನದ ಹೊತ್ತಿಗೆ ಆ ನೀರಿನ ಅಮೈಲೇಸ್ (ಪ್ಯಾಂಕ್ರಿಯಾಸ್ ರಸದ ಒಂದು ಕಿಣ್ವ) ನೋಡುತ್ತಾರೆ. ರಕ್ತದಲ್ಲಿ ಇರಬಹುದಾದ ಮೇಲಿನ ಮಿತಿಯ ಮೂರು ಪಟ್ಟಿಗಿಂತ ಜಾಸ್ತಿ ಇದ್ದರೆ ಸೋರಿಕೆ ಉಂಟು ಅಂತ ಲೆಕ್ಕ. ಕಡಿಮೆ ಇದ್ದರೆ ಡ್ರೈನ್ ಬೇಗ ತೆಗೆಯುತ್ತಾರೆ, ಸುಮ್ನೆ ಇಟ್ಟರೆ ಅದೇ ಸೋಂಕಿಗೆ ದಾರಿ. ನನಗೆ 4200 ಬಂತು. ಅಷ್ಟಕ್ಕೇ ಕಂಗಾಲಾಗಬೇಡಿ. ಸಂಖ್ಯೆ ಮಾತ್ರ ಮೇಲಿದ್ದು ರೋಗಿ ಆರಾಮ ಇದ್ದರೆ ಅದನ್ನು ಬಯೋಕೆಮಿಕಲ್ ಲೀಕ್ ಅಂತ ಬರೆಯುತ್ತಾರೆ. 2016ರಿಂದ ಅದನ್ನು ಫಿಸ್ಟುಲಾದ, ಅಂದರೆ ನಿಜವಾದ ಸೋರಿಕೆಯ, ಲೆಕ್ಕಕ್ಕೇ ಹಿಡಿಯುವುದಿಲ್ಲ. ನನ್ನದು ಮಾತ್ರ ಅಲ್ಲಿಗೆ ನಿಲ್ಲಲಿಲ್ಲ, ಫೈಲಿನಲ್ಲಿ ಗ್ರೇಡ್ ಬಿ, ಅಂದರೆ ಚಿಕಿತ್ಸೆ ಬೇಕಾದ ಸೋರಿಕೆ, ಅಂತ ಉಂಟು.

ನಾಲ್ಕನೇ ದಿನ ಗಂಜಿ ತಿಳಿ ಕೊಟ್ಟರು. ಅಮ್ಮನಿಗೆ ಹೇಳಿ, ಕುಚ್ಚಲಕ್ಕಿ ಗಂಜಿಯ ತಿಳಿ ಅಷ್ಟು ರುಚಿ ಅಂತ ನನಗೆ ಅವತ್ತೇ ಗೊತ್ತಾದದ್ದು. ಆರನೇ ದಿನ ಹಸಿರು ವಾಂತಿ. ಮತ್ತೆ ಮೂಗಿಗೆ ಟ್ಯೂಬ್. ನನ್ನ ಗಂಜಿಯಿಂದಲೇ ಹೀಗಾಯ್ತು ಅಂತ ಹೆಂಡತಿ ಅತ್ತಳು. ಗಂಜಿಯದ್ದು ತಪ್ಪಲ್ಲವಂತೆ. ಜಠರ ಕೆಲವು ದಿನ ಮುಷ್ಕರ ಹೂಡುವುದು ಈ ಆಪರೇಷನ್ನಿನಲ್ಲಿ ಮಾಮೂಲು. ಪಕ್ಕದಲ್ಲೇ ಲೀಕ್ ಇದ್ದರೆ ಇನ್ನೂ ಜಾಸ್ತಿ. ಎಂಟು ದಿನಕ್ಕೆ ತಾನಾಗಿ ಸರಿಯಾಯಿತು. ಯಾವಾಗ ಕೊಡಬೇಕು ಅಂತ ಡಾಕ್ಟರು ಹೇಳಲಿ, ಅಮ್ಮ ಕದ್ದು ಫ್ಲಾಸ್ಕಿನಲ್ಲಿ ತರುವುದು ಬೇಡ.

ಈಗ ನೋಟ್‌ಬುಕ್ಕಿನ 23ನೇ ಪುಟ. ನನ್ನ ಹೆಂಡತಿ ಚೀಲದಲ್ಲಿ ಎಷ್ಟು ಎಂಎಲ್ ಅಂತ ಬರೆದು ಪಕ್ಕದಲ್ಲಿ ಬಣ್ಣ ಬರೆಯುತ್ತಿದ್ದಳು. ಬಣ್ಣಕ್ಕೆ ಅವಳದ್ದೇ ಹೆಸರು. ಮೊದಲೆರಡು ದಿನ "ಪುನರ್ಪುಳಿ, ನೀರು ಹಾಕಿದ್ದು". ಆಮೇಲೆ "ತೆಳು ಚಹಾ". ಲೀಕ್ ಆದಾಗ "ಪಾತ್ರೆ ತೊಳೆದ ನೀರು". ಹನ್ನೊಂದನೇ ದಿನ ರಾತ್ರಿ 2:40ಕ್ಕೆ ಬರೆದದ್ದು ಹೀಗುಂಟು: "ಪುನರ್ಪುಳಿ, ದಪ್ಪ. ಎರಡು ಚಮಚ." ನನಗೆ ನೋವಿರಲಿಲ್ಲ. ಬಿಪಿ ಸರಿ ಇತ್ತು. ಎರಡು ಚಮಚಕ್ಕೆ ಯಾರನ್ನು ಎಬ್ಬಿಸುವುದು, ಬೆಳಿಗ್ಗೆ ರೌಂಡ್ಸ್‌ನಲ್ಲಿ ಹೇಳುವ ಅಂದೆ. ಅವಳು ಹಿಂದಿನ ಪುಟ ತಿರುವಿದಳು. ಒಂಬತ್ತು ದಿನದಿಂದ ಕೆಂಪು ಇರಲಿಲ್ಲ. ಏನೂ ಮಾತಾಡದೆ ಪುಸ್ತಕ ಹಿಡಿದು ಸಿಸ್ಟರ್ ಹತ್ತಿರ ಹೋದಳು. ಸಿಸ್ಟರ್ ಚೀಲ ನೋಡಿದ್ದೇ ಓಡಿದರು. ಒಂದು ಗಂಟೆಯ ಒಳಗೆ ನಾನು ಸಿಟಿ ಆಂಜಿಯೋಗೆ, ಅಂದರೆ ರಕ್ತನಾಳದ ಸ್ಕ್ಯಾನಿಗೆ. ಆಪರೇಷನ್ನಿನಲ್ಲಿ ಕಟ್ಟಿದ್ದ ಒಂದು ರಕ್ತನಾಳದ ಮೊಂಡು ತುದಿಯನ್ನು ಸೋರಿದ ರಸ ತಿಂದು, ಅಲ್ಲಿ ಬಲೂನಿನ ಹಾಗೆ ಉಬ್ಬಿತ್ತು. ತೊಡೆಯ ಸಂದಿನಿಂದ ತಂತಿ ಹಾಕಿ ಕಾಯಿಲ್ (ಸಣ್ಣ ಲೋಹದ ಸುರುಳಿ) ಕೂರಿಸಿ ಮುಚ್ಚಿದರು. ಹೊಟ್ಟೆ ಮತ್ತೆ ತೆರೆಯಬೇಕಾಗಲಿಲ್ಲ. ಡಾಕ್ಟರು ಆಮೇಲೆ ಹೇಳಿದ್ದು, ಈ ಎರಡು ಚಮಚ ಎಚ್ಚರಿಕೆಯ ರಕ್ತ, ದೊಡ್ಡ ಪ್ರವಾಹ ಕೆಲವು ಗಂಟೆ ಬಿಟ್ಟು ಬರುತ್ತದೆ ಅಂತ.

ಹಾಗಾಗಿ ದಿನ ಕಳೆದ ಮೇಲೆ ಚೀಲದಲ್ಲಿ, ವಾಂತಿಯಲ್ಲಿ ಕೆಂಪು ಕಂಡರೆ, ಮಲ ಟಾರಿನ ಹಾಗೆ ಕಪ್ಪಾದರೆ ಗಂಟೆ ಎಷ್ಟು ಅಂತ ನೋಡಬೇಡಿ. ಮತ್ತೆ, ಅಡ್ಮಿಟ್ ಆಗುವ ಮೊದಲು ಒಂದು ಪ್ರಶ್ನೆ ಕೇಳಿ: ರಾತ್ರಿ ಹೊತ್ತು ರಕ್ತನಾಳ ಮುಚ್ಚುವ ರೇಡಿಯಾಲಜಿ ಡಾಕ್ಟರು ಸಿಗುತ್ತಾರಾ? ವರ್ಷಕ್ಕೆ ಎಷ್ಟು ವಿಪಲ್ ಮಾಡುತ್ತೀರಿ ಅಂತಲೂ ಕೇಳಿ. ಒಳ್ಳೆಯ ಡಾಕ್ಟರು ಇದಕ್ಕೆ ಬೇಜಾರು ಮಾಡುವುದಿಲ್ಲ.

ನಾನು 21ನೇ ದಿನ ಒಂದು ಡ್ರೈನ್ ಸಮೇತ ಮನೆಗೆ ಬಂದೆ. 34ಕ್ಕೆ ಅದೂ ಹೋಯಿತು. ಹೊಟ್ಟೆಯ ಚರ್ಮಕ್ಕೆ ರಕ್ತ ತೆಳುವಾಗುವ ಇಂಜೆಕ್ಷನ್ ಒಟ್ಟು 28 ದಿನ ಹೇಳಿದ್ದರು. ರಕ್ತ ಬಂದ ಕಾರಣ ನಡುವೆ ನಿಲ್ಲಿಸಿ ಮತ್ತೆ ಶುರು ಮಾಡಿದರು. ಉಳಿದದ್ದು ಮನೆಗೆ ಬಂದಾಗ ಕೇಳಿ, ಈಗ ಕೈ ನೋಯುತ್ತಿದೆ.

ಪಡುಬಿದ್ರಿ ಭಟ್ರು

ಇಷ್ಟೆಲ್ಲ ಹೆದರಿಸಬೇಡಿ ಮಾರಾಯ್ರೆ. ಆಪರೇಷನ್ ಆದ ಮೇಲೆ ಶುದ್ಧ ಗಾಣದ ತೆಂಗಿನೆಣ್ಣೆ ದಿನಾ ಎರಡು ಚಮಚ ಕೊಡಿ. ಅದರಲ್ಲಿ ಎಂಸಿಟಿ ಅಂತ ಒಂದು ಬಗೆಯ ಕೊಬ್ಬು ಉಂಟು, ಪ್ಯಾಂಕ್ರಿಯಾಸ್‌ಗೆ ಕೆಲಸವೇ ಇಲ್ಲದೆ ಜೀರ್ಣ ಆಗ್ತದೆ. ವಾಟ್ಸಾಪ್‌ನಲ್ಲಿ ಒಬ್ಬರು ಡಾಕ್ಟರೇ ಹಾಕಿದ್ದು.

ಸಿಸ್ಟರ್, ದೇರಳಕಟ್ಟೆ ಕಡೆ

ಭಟ್ರೇ, ಅರ್ಧ ಸರಿ, ಅರ್ಧ ತಪ್ಪು. ಡಾಕ್ಟರು ಬರೆಯುವ ಎಂಸಿಟಿ ಎಣ್ಣೆ ಬೇರೆ, ನಮ್ಮ ಅಡುಗೆಮನೆಯ ತೆಂಗಿನೆಣ್ಣೆ ಬೇರೆ. ಸುಲಭವಾಗಿ ನೇರ ರಕ್ತಕ್ಕೆ ಸೇರುವ ಅಂಥ ಕೊಬ್ಬು ತೆಂಗಿನೆಣ್ಣೆಯಲ್ಲಿ ನೂರರಲ್ಲಿ ಸುಮಾರು ಹದಿನೈದು ಪಾಲು ಅಷ್ಟೇ. ಹೆಚ್ಚಿನದ್ದು ಲಾರಿಕ್ ಆಮ್ಲ. ಅದರಲ್ಲಿ ಬಹುಪಾಲು ಉಳಿದ ಕೊಬ್ಬಿನ ದಾರಿಯಲ್ಲೇ ಹೋಗುತ್ತದೆ. ಡ್ರೈನ್‌ನಲ್ಲಿ ಹಾಲಿನ ಹಾಗೆ ಬಿಳಿ ಬಂದರೆ, ಅಂದರೆ ಕೈಲ್ ಎಂಬ ಕೊಬ್ಬು ತುಂಬಿದ ರಸ ಲೀಕ್ ಆದರೆ, ಆಗ ಕೊಬ್ಬಿನ ಲೆಕ್ಕ ಬಹಳ ಮುಖ್ಯ. ಆಗ ಎರಡು ಚಮಚ ತೆಂಗಿನೆಣ್ಣೆ ಕೊಟ್ಟರೆ ಬಿಳಿ ಇನ್ನೂ ಜಾಸ್ತಿ ಬರುತ್ತದೆ. ಚಟ್ನಿಗೆ ಒಗ್ಗರಣೆ ಹಾಕಲು ಯಾರೂ ಬೇಡ ಅನ್ನುವುದಿಲ್ಲ, ಮದ್ದು ಅಂತ ಕುಡಿಸಬೇಡಿ.

ಮಲ್ಪೆ ಅಕ್ಕ, ಮಾಸ್ಟ್ರು ಹೇಳಿದ್ದು ಸರಿ. ನಾನು ಸರ್ಜರಿ ಐಸಿಯುನಲ್ಲಿ ಹನ್ನೊಂದು ವರ್ಷ ಇದ್ದೆ, ಬೆಡ್ ಪಕ್ಕದ ಕೆಲವು ವಿಷಯ ಹೇಳುತ್ತೇನೆ. ನಿಮ್ಮ ಅಪ್ಪನಂಥ ಗಟ್ಟಿಗರು ನೋವು ಹೇಳುವುದೇ ಇಲ್ಲ. ಕಡಲಲ್ಲಿ ಇದ್ದವರು, ಹಲ್ಲು ಕಚ್ಚಿ ಮಲಗಿರುತ್ತಾರೆ. ನೋವಿದ್ದರೆ ಆಳ ಉಸಿರು ಎಳೆಯುವುದಿಲ್ಲ, ಕೆಮ್ಮುವುದಿಲ್ಲ, ಏಳುವುದಿಲ್ಲ. ಮೂರನೇ ದಿನಕ್ಕೆ ಎದೆಯಲ್ಲಿ ಕಫ ಗುರುಗುರು. ಹತ್ತರಲ್ಲಿ ಎಷ್ಟು ನೋವು ಅಂತ ಕೇಳಿದರೆ ನಿಜ ಹೇಳಲು ಹೇಳಿ. ಕೆಮ್ಮುವಾಗ ಒಂದು ಸಣ್ಣ ದಿಂಬನ್ನು ಹೊಲಿಗೆಯ ಮೇಲೆ ಒತ್ತಿ ಹಿಡಿಯಲಿ.

ಡ್ರೈನ್ ಚೀಲ ಯಾವಾಗಲೂ ಹೊಟ್ಟೆಗಿಂತ ಕೆಳಗೆ ಇರಬೇಕು. ನಡೆಸುವಾಗ ಲುಂಗಿಗೆ ಪಿನ್ ಮಾಡಿ. ಹೆಚ್ಚಿನ ಡ್ರೈನ್ ಜಾರುವುದು ಬಾತ್‌ರೂಮಿನಲ್ಲಿ, ಯಾರೋ ಕೊಳವೆ ತುಳಿದು. ಕೊಳವೆಯ ಸುತ್ತ ಚರ್ಮ ಕೆಂಪಾಗಿ ಉರಿ ಬಂದರೆ ರಸ ಹೊರಗೆ ಸೋರುತ್ತಿದೆ ಅಂತ ಅರ್ಥ, ಹೇಳಿದರೆ ಸತುವಿನ ಮುಲಾಮು ಹಚ್ಚಿ ಚರ್ಮ ಕಾಪಾಡುತ್ತೇವೆ. ತುಂಬ ಬರುತ್ತಿದ್ದ ಡ್ರೈನ್ ಒಮ್ಮೆಲೇ ನಿಂತರೆ ವಾಸಿ ಆಯ್ತು ಅಂತ ಖುಷಿ ಪಡಬೇಡಿ. ಕೊಳವೆ ಕಟ್ಟಿರಬಹುದು. ಜೊತೆಗೆ ಜ್ವರ, ನಾಡಿ ಜೋರು, ಹೊಟ್ಟೆ ಉಬ್ಬರ ಇದ್ದರೆ ಕೂಡಲೇ ಹೇಳಿ.

ಆಕ್ಟ್ರಿಯೋಟೈಡ್ ಅಂತ ಒಂದು ಇಂಜೆಕ್ಷನ್ ಬಗ್ಗೆ ಯಾರಾದರೂ ಹೇಳಬಹುದು. ರಸ ಕಡಿಮೆ ಮಾಡುತ್ತದೆ. ಕೆಲವು ಸರ್ಜನ್ ಕೊಡುತ್ತಾರೆ, ಕೆಲವರು ಕೊಡುವುದಿಲ್ಲ. ಅಧ್ಯಯನಗಳೂ ಒಂದೇ ಮಾತು ಹೇಳುವುದಿಲ್ಲ. ಕೊಡಲಿಲ್ಲ ಅಂತ ಜಗಳ ಬೇಡ.

ಕೊನೆಗೆ ಒಂದು ಬೇಡಿಕೆ. ಊರಿನಿಂದ ನೋಡಲು ಬರುವವರನ್ನು ತಡೆಯಿರಿ. ಬೊಂಡ ಹಿಡಿದು ಹದಿನಾಲ್ಕು ಜನ ಬಂದು ಬೆಡ್ ಮೇಲೆ ಕೂತು ಹೊಲಿಗೆ ತೋರಿಸಿ ಅನ್ನುತ್ತಾರೆ. ಕೈ ತೊಳೆಯದೆ ಯಾರೂ ಹತ್ತಿರ ಬರಬಾರದು, ನೀವೂ ಸೇರಿ.

ಉಳ್ಳಾಲದ ಹುಡುಗ

ನನ್ನ ಅಣ್ಣನಿಗೆ ಆದದ್ದು ಬೇರೆ ಆಪರೇಷನ್. ಪ್ಯಾಂಕ್ರಿಯಾಸ್‌ನ ಬಾಲ ಮತ್ತು ಗುಲ್ಮ ತೆಗೆದರು. ಬಾಲದ ಆಪರೇಷನ್ ಆಗುವವರು ಈ ಚರ್ಚೆ ಓದಲು ಬಂದರೆ ಅಂತ ಬರೆಯುತ್ತಿದ್ದೇನೆ. ಗುಲ್ಮ ತೆಗೆಯುವುದಿದ್ದರೆ ನ್ಯುಮೋಕಾಕಸ್, ಮೆನಿಂಗೋಕಾಕಸ್, ಹಿಬ್ ಲಸಿಕೆ ಆಪರೇಷನ್‌ಗೆ ಎರಡು ವಾರ ಮೊದಲೇ ಆಗಬೇಕು, ಇಲ್ಲದಿದ್ದರೆ ಎರಡು ವಾರ ಬಿಟ್ಟು. ಅಣ್ಣನಿಗೆ ಈಗಲೂ ಜ್ವರ ಬಂದರೆ ಕ್ರೋಸಿನ್ ನುಂಗಿ ಕಾಯುವ ಹಾಗಿಲ್ಲ, ನೇರ ಆಸ್ಪತ್ರೆ. ಸಕ್ಕರೆ ಕಾಯಿಲೆಯೂ ಬಂತು. ಇನ್ಸುಲಿನ್ ಮಾತ್ರ ಅಲ್ಲ, ಸಕ್ಕರೆ ಏರಿಸುವ ಹಾರ್ಮೋನೂ ಕಡಿಮೆ ಆದ ಕಾರಣ ಒಮ್ಮೆಲೇ ಇಳಿಯುತ್ತದೆ. ಜೇಬಿನಲ್ಲಿ ಯಾವಾಗಲೂ ಗ್ಲೂಕೋಸ್.

ವಿಪಲ್ ಆದವರಿಗೂ ಬೇಕಾಗುವ ಒಂದು ವಿಷಯ, ಊಟ ಜೀರ್ಣ ಮಾಡುವ ಕಿಣ್ವದ ಕ್ರಿಯಾನ್ ಮಾತ್ರೆ. ಅದು ಹಂದಿಯ ಪ್ಯಾಂಕ್ರಿಯಾಸ್‌ನಿಂದ ತೆಗೆದದ್ದು. ಯಾರೂ ನಮಗೆ ಮೊದಲು ಹೇಳಲಿಲ್ಲ. ಪೊಟ್ಟಣ ಓದಿ ಅಣ್ಣ ಎರಡು ವಾರ ಬಚ್ಚಿಟ್ಟ, ತಿಂದದ್ದೆಲ್ಲ ಎಣ್ಣೆ ಎಣ್ಣೆಯಾಗಿ ಹೋಗುತ್ತಿತ್ತು, ಆರು ಕಿಲೋ ಇಳಿದ. ಕೊನೆಗೆ ನಮ್ಮ ಪಳ್ಳಿಯ ಉಸ್ತಾದರಿಗೆ ಕೇಳಿದೆವು. ಬೇರೆ ಮದ್ದು ಇಲ್ಲದಾಗ ಜೀವಕ್ಕೆ ಬೇಕಾದ್ದು, ತಗೊಳ್ಳಿ ಅಂದರು. ಸಸ್ಯಾಹಾರಿಗಳಿಗೂ ಇದೇ ಪ್ರಶ್ನೆ ಬರುತ್ತದೆ. ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ.

ಕಿನ್ನಿಗೋಳಿ ಮಾಸ್ಟ್ರು

ಉಳ್ಳಾಲದ ಹುಡುಗ ಒಳ್ಳೆಯ ವಿಷಯ ತೆಗೆದ. ಕ್ರಿಯಾನ್ ತೆಗೆದುಕೊಳ್ಳುವ ಕ್ರಮ ಹೇಳುತ್ತೇನೆ, ಇದರಲ್ಲಿ ನಾನು ಆರು ತಿಂಗಳು ತಪ್ಪು ಮಾಡಿದೆ. ನನಗೆ ಊಟಕ್ಕೆ 25000 ಯೂನಿಟ್‌ನ ಎರಡು, ಚಹಾ ತಿಂಡಿಗೆ ಒಂದು ಬರೆದಿದ್ದಾರೆ. ನಾನು ಊಟ ಮುಗಿಸಿ ಕೈ ತೊಳೆದು, ವೀಳ್ಯ ಹಾಕುವ ಹಾಗೆ ಆರಾಮದಲ್ಲಿ ನುಂಗುತ್ತಿದ್ದೆ. ಆಗ ಅನ್ನ ಮುಂದೆ ಹೋಗಿರುತ್ತದೆ, ಮದ್ದು ಹಿಂದೆ. ಮೊದಲ ತುತ್ತಿನ ಜೊತೆ ಒಂದು, ನಡುವೆ ಒಂದು. ತಣ್ಣನೆ ನೀರಿನಲ್ಲಿ ನುಂಗಬೇಕು, ಅಗಿಯಬಾರದು, ಬಿಸಿ ಗಂಜಿಗೆ ಬೆರೆಸಬಾರದು. ಮಲ ತೇಲುತ್ತಿದ್ದರೆ, ಜಿಡ್ಡಾಗಿ ನೀರು ಹಾಕಿದರೂ ಹೋಗದಿದ್ದರೆ ಮದ್ದು ಸಾಲುತ್ತಿಲ್ಲ ಅಂತ ಹೇಳಿ, ಪ್ರಮಾಣ ಏರಿಸುತ್ತಾರೆ. ಇದನ್ನು ಹೇಳಲು ನಾಚಿಕೆಯಾಗಿ ನಾನು ಸುಮ್ಮನಿದ್ದೆ. ಹೆಂಡತಿಯೇ ನೋಟ್‌ಬುಕ್ ತೆರೆದು ಡಾಕ್ಟರ ಮೇಜಿನ ಮೇಲೆ ಇಟ್ಟಳು. ಆ ಪುಟದ ಬಣ್ಣದ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ.

ದಿನಕ್ಕೆ ಮೂರು ದೊಡ್ಡ ಊಟ ಬದಲು ಆರು ಸಣ್ಣದು. ಎರಡು ನೀರುದೋಸೆ, ಎರಡು ಗಂಟೆ ಬಿಟ್ಟು ಮತ್ತೆರಡು. ನಾನೀಗ ಹಾಗೇ ಬದುಕಿದ್ದೇನೆ.

ಮಲ್ಪೆಯ ಮಗಳು

ಎಲ್ಲರಿಗೂ ತಡವಾಗಿ ಉತ್ತರಿಸುತ್ತಿದ್ದೇನೆ, ಬೇಜಾರು ಮಾಡಬೇಡಿ. ಸ್ಟೆಂಟ್ ಹಾಕಿಸಲಿಲ್ಲ. ದೊಡ್ಡಪ್ಪ ನಾಲ್ಕು ದಿನ ಮಾತು ಬಿಟ್ಟರು. ಆಪರೇಷನ್ ಆಗಿ ಇವತ್ತಿಗೆ ಎಂಟು ದಿನ. ರಾತ್ರಿ ರೇಡಿಯಾಲಜಿಯವರು ಸಿಗುತ್ತಾರಾ ಅಂತ ಕೇಳಿದೆ. ಡಾಕ್ಟರು ಮುಖ ನೋಡಿ, "ಯಾರು ಹೇಳಿಕೊಟ್ಟದ್ದು ನಿಮಗೆ?" ಅಂತ ನಕ್ಕರು. ಸಿಗುತ್ತಾರಂತೆ.

ಮೂರನೇ ದಿನದ ಅಮೈಲೇಸ್ 610 ಬಂತು. ಅವತ್ತು ರಾತ್ರಿ ಮಾಸ್ಟ್ರ ಉತ್ತರವನ್ನು ನಾಲ್ಕು ಸಲ ಓದಿದೆ. ಆದರೆ ಜ್ವರ ಬರಲಿಲ್ಲ, ಐದು ಮತ್ತು ಏಳನೇ ದಿನ ಕಡಿಮೆಯಾಗುತ್ತಾ ಬಂತು. ಒಂದು ಡ್ರೈನ್ ನಿನ್ನೆ ತೆಗೆದರು, ಇನ್ನೊಂದು ಉಂಟು. ನನ್ನ ಪುಸ್ತಕದಲ್ಲಿ ಇವತ್ತಿನ ಬಣ್ಣ: ತೆಳು ಚಹಾ. ವಾಂತಿ ಎರಡು ಸಲ ಆಯಿತು, ಟ್ಯೂಬ್ ಮತ್ತೆ ಹಾಕಬೇಕಾಗಲಿಲ್ಲ. ಅಮ್ಮನ ಗಂಜಿ ತಿಳಿಗೆ ನಿನ್ನೆ ಅಪ್ಪಣೆ ಸಿಕ್ಕಿತು. ಅಪ್ಪ ಮೂರು ಚಮಚ ಕುಡಿದು ಉಪ್ಪಿಲ್ಲ ಅಂದರು.

ಬೀಡಿ ಇಪ್ಪತ್ತು ದಿನದಿಂದ ಇಲ್ಲ. ಡಬ್ಬಿಯಲ್ಲಿ ಎರಡು ಚೆಂಡು ಏರುತ್ತವೆ, ಮೂರನೆಯದು ಅರ್ಧಕ್ಕೆ ಬಂದು ಬೀಳುತ್ತದೆ. ಪಕ್ಕದ ಬೆಡ್ಡಿನ ಅಜ್ಜ ಮೊನ್ನೆ ಸೇರಿದ್ದಾರೆ, ಅವರು ಊದುತ್ತಿದ್ದರು. ಅಪ್ಪನೇ ಕೈ ಸನ್ನೆ ಮಾಡಿ ಎಳೆಯಬೇಕು ಅಂತ ತೋರಿಸಿಕೊಟ್ಟರು.